ಮಾದೇವಿ ಶೀತಲಳ ಕೈಕೆಳಗೆ ಬಂದಾಗ

ಬನಹಟ್ಟಿಯ ಹಳೆಯ ಮಗ್ಗದ ಶೆಡ್ಡೊಂದರಲ್ಲಿ ಪ್ರಭುಲಿಂಗ ಎಂಬವರು ಶಾಲೆಯ ಸಮವಸ್ತ್ರ ಹೊಲಿಸುವ ಕಾರ್ಖಾನೆ ನಡೆಸುತ್ತಾರೆ. ಹನ್ನೊಂದು ವರ್ಷ ಅಲ್ಲಿ ಹೊಲಿಗೆ ಮಷಿನ್ ಮುಂದೆ ಕುಳಿತಿದ್ದ ಶೀತಲಳನ್ನು ಹೋದ ವರ್ಷದ ಜನವರಿಯಲ್ಲಿ ಅವರು ಕರೆದು, "ನಾಳಿಂದ ಇಪ್ಪತ್ತೆರಡು ಮಂದೀನ ನೀನ ನೋಡ್ಕೋಬೇಕವಾ. ಇನ್ನ ಸುಪರ್‌ವೈಸರ್ ನೀನ" ಅಂದರು.

ಅಲ್ಲಿಯವರೆಗೆ ಸುಪರ್‌ವೈಸರ್ ಆಗಿದ್ದವಳು ಮಾದೇವಿ. ಶೀತಲ ಕೇಳಿದ್ದು ಒಂದೇ ಮಾತು. "ಮಾದೇವಿ ಅಕ್ಕಾರು?"

"ಎರಡ ಸಲ ಮಾಲು ವಾಪಸ್ ಬಂತು. ಆಕಿ ಕೈಯಾಗ ಇನ್ನ ಕೊಡಾಕ ಆಗೂದಿಲ್ಲ. ಮಷಿನ್ ಮ್ಯಾಲ ಕುಂದರ್ತಾಳ, ನಿನ್ನ ಕೈಕೆಳಗ."

ಶೀತಲಳಿಗೆ ಹಬ್ಬ ಬಂದಂತಾಯಿತು.

ಆರು ವರ್ಷದ ಹಿಂದೆ ಅವಳು ಎರಡು ಅಂಗಿಗಳಿಗೆ ತೋಳು ಅದಲುಬದಲು ಹಚ್ಚಿದ್ದಳು. ಆಗಲೂ ಮಾದೇವಿಯೇ ಸುಪರ್‌ವೈಸರ್. ಆ ಎರಡೂ ಅಂಗಿಗಳನ್ನು ಗಂಟು ಹಾಕಿ ಶೀತಲಳ ಕೊರಳಿಗೆ ಹಾಕಿ, ಮಧ್ಯಾಹ್ನದವರೆಗೆ ಬಾಗಿಲಲ್ಲಿ ನಿಲ್ಲಿಸಿದಳು. "ಇಂಥಾ ಮಂದೀನ ಒಳಗ ಬಿಟ್ಟಿದ್ದ ತಪ್ಪು" ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಅದೇ ಹೊತ್ತಿಗೆ ಶೀತಲಳ ಅಪ್ಪ ಪರಸಪ್ಪ, ಜಮಖಂಡಿಯ ಕಾಲೇಜೊಂದರಲ್ಲಿ ಜವಾನನಾಗಿದ್ದು ನಿವೃತ್ತನಾದವನು, ಮಗಳು ಮರೆತುಬಂದ ಊಟದ ಡಬ್ಬಿ ಹಿಡಿದು ಬಂದ. ಮಗಳನ್ನು ನೋಡಿದ. ಡಬ್ಬಿಯನ್ನು ಕೊಡದೆ ಹಾಗೇ ತಿರುಗಿ ಹೋದ. ಆ ವಿಷಯ ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಎರಡು ವರ್ಷಕ್ಕೆ ಅವನು ತೀರಿಕೊಂಡ.

ಹೀಗಾಗಿ ಮೊದಲ ದಿನವೇ ಶೀತಲ "ಏ ಮಾದೇವಿ" ಎಂದು ಕೂಗಿದಳು. ಅವಳಿಗಿಂತ ಹನ್ನೆರಡು ವರ್ಷ ದೊಡ್ಡವಳಾದ ಮಾದೇವಿ ತಲೆ ಎತ್ತಿ ನೋಡಿ, "ಹೇಳ್ರಿ" ಅಂದಳು. ಇಡೀ ಕಾರ್ಖಾನೆಯಲ್ಲಿ ಅವಳಷ್ಟು ಚೆನ್ನಾಗಿ ಕಾಲರ್ ಹಚ್ಚುವವರಿರಲಿಲ್ಲ. ಶೀತಲ ಅವಳನ್ನು ದಾರದ ತುದಿ ಕತ್ತರಿಸಲು ಬಾಗಿಲ ಹತ್ತಿರ ಕೂರಿಸಿದಳು. ಗಂಡ ಲಕ್ವಾ ಹೊಡೆದು ಮಲಗಿದ್ದರಿಂದ ಮಾದೇವಿ ಕೆಲಸ ಬಿಡುವಂತಿರಲಿಲ್ಲ. ಅದು ಶೀತಲಳಿಗೆ ಗೊತ್ತಿತ್ತು. ಆ ವಾರವೆಲ್ಲ ಅವಳಿಗೆ ಊಟ ರುಚಿಸಿತು.

ಅಷ್ಟಕ್ಕೇ ಮನಸ್ಸು ತಣಿಯಲಿಲ್ಲ. ಮಾದೇವಿಗೆ ಶುಗರ್ ಇತ್ತು, ಆಗಾಗ ಎದ್ದು ಹೋಗಬೇಕಾಗುತ್ತಿತ್ತು. ಅವಳೊಬ್ಬಳಿಗೆ ಬೇಡವೆಂದರೆ ಕಣ್ಣಿಗೆ ಕಾಣುತ್ತದೆಂದು ಶೀತಲ ಎಲ್ಲರಿಗೂ ಒಂದೇ ನಿಯಮ ಮಾಡಿದಳು: ಗಂಟೆ ಹೊಡೆಯುವವರೆಗೆ ಯಾರೂ ಮಷಿನ್ ನಿಲ್ಲಿಸಬಾರದು, ಏಳಬಾರದು. ಮಾದೇವಿ ತುಟಿ ಕಚ್ಚಿ ಕೂತಳು. ಉಳಿದವರೂ ಕೂತರು. ಶೆಡ್ಡಿನಲ್ಲಿ ನಗು, ಮಾತು ನಿಂತವು. ಶೀತಲ ಅದನ್ನು ಶಿಸ್ತು ಎಂದುಕೊಂಡಳು.

ಏಪ್ರಿಲ್‌ನಲ್ಲಿ ಬಿಳಿ ಅಂಗಿಗಳ ಕೆಲಸ ಜೋರಾಗಿತ್ತು. ಒಂದು ಮಧ್ಯಾಹ್ನ ಮಾದೇವಿ ತಟ್ಟನೆ ಎದ್ದು, ಶೀತಲಳ ಹಳೆಯ ಗೆಳತಿ ಭಾಗವ್ವಳ ಮಷಿನ್ ಬಂದ್ ಮಾಡಿದಳು.

"ಯಾರ್ನ ಕೇಳಿ ಎದ್ದಿ?" ಎಂದು ಶೀತಲ ದೂರದಿಂದಲೇ ಚೀರಿದಳು.

ಮಾದೇವಿ ಭಾಗವ್ವಳ ಕೈ ಎತ್ತಿ ತೋರಿಸಿದಳು. ಬೆರಳಿಗೆ ಸೂಜಿ ನೆಟ್ಟು ತುದಿ ಒಳಗೇ ಮುರಿದಿತ್ತು. ಅದಕ್ಕೆ ಚಿಂದಿ ಸುತ್ತಿಕೊಂಡು ಭಾಗವ್ವ ಹೊಲಿಯುತ್ತಲೇ ಇದ್ದಳು. ಹದಿನೆಂಟು ಕಾಲರುಗಳಿಗೆ ರಕ್ತ ಹತ್ತಿತ್ತು.

"ಯಾಕ ಹೇಳ್ಲಿಲ್ಲ ಭಾಗವ್ವ?" ಎಂದು ಶೀತಲ ಕೇಳಿದಳು.

"ಗಂಟಿ ಆಗಿರ್ಲಿಲ್ಲಲ್ರಿ" ಅಂದಳು ಭಾಗವ್ವ.

ಹನ್ನೊಂದು ವರ್ಷ ಒಂದೇ ಡಬ್ಬಿಯಲ್ಲಿ ಉಂಡವಳು, ನಿನ್ನೆಮೊನ್ನೆವರೆಗೆ "ಏನ ಬೇ ಶೀತಲಾ" ಎನ್ನುತ್ತಿದ್ದವಳು, ಹೆದರಿ "ರಿ" ಹಚ್ಚಿದ್ದಳು.

ಗದ್ದಲ ಕೇಳಿ ಪ್ರಭುಲಿಂಗ ಬಂದರು. ಅಂಗಿ ನೋಡಿದರು, ಬಾಗಿಲ ಬಳಿಯ ಕುರ್ಚಿ ಖಾಲಿ ಇದ್ದದ್ದನ್ನೂ ನೋಡಿದರು. "ಮತ್ತ ಮಾಲು ಕೆಡಿಸಿದಾಕಿ ನೀನ ಏನವಾ ಮಾದೇವಿ? ಇನ್ನ ಕೆಲಸ ಬಿಟ್ಟು ಮನಿಗೆ ಹೋಗೂದ ಛಲೋ ನೀ."

ಶೀತಲ ಹೂಂ ಅಂದಿದ್ದರೆ ಸಾಕಿತ್ತು. ಅವಳು ಆ ಘಳಿಗೆಯನ್ನು ಬಾಯಲ್ಲಿ ಬೆಲ್ಲದಂತೆ ಇಟ್ಟುಕೊಂಡಳು. ಮಾದೇವಿ ಬೇಡಿಕೊಳ್ಳಲಿಲ್ಲ, ಭಾಗವ್ವಳ ಬೆರಳು ಒತ್ತಿ ಹಿಡಿದು ನಿಂತಿದ್ದಳು. ಇಪ್ಪತ್ತೆರಡು ಮಂದಿ ಶೀತಲಳನ್ನೇ ನೋಡುತ್ತಿದ್ದರು. ಆ ನೋಟದ ಗುರುತು ಅವಳಿಗಿತ್ತು. ಹಿಂದೆ ತಾವೆಲ್ಲ ಮಾದೇವಿಯನ್ನು ನೋಡುತ್ತಿದ್ದದ್ದು ಹೀಗೇ.

"ನಂದ ತಪ್ಪರಿ" ಅಂದಳು. "ಏಳಬಾರದು ಅಂತ ನಾನ ಹೇಳಿದ್ದೆ."

ಮಾಲೀಕರು ಎಲ್ಲರೆದುರು ಬೈದರು. ಅವಳು ಕೇಳಿಸಿಕೊಂಡಳು. ಭಾಗವ್ವಳನ್ನು ದವಾಖಾನೆಗೆ ಕಳಿಸಿ, ಹದಿನೆಂಟು ಕಾಲರುಗಳನ್ನು ತಾನೇ ಬಿಚ್ಚಿ ಹೊಸದಾಗಿ ಹಚ್ಚಿದಳು.

ಮರುದಿನ, "ಏನಾರ ಆದ್ರ ಮೊದಲ ಮಷಿನ್ ನಿಂದರಸ್ರಿ, ಆಮ್ಯಾಲ ನನ್ನ ಕರೀರಿ. ಏಳಾಕ ಯಾರ್ನೂ ಕೇಳಬ್ಯಾಡ್ರಿ" ಎಂದು ಹೇಳಿ, ಮಾದೇವಿಯನ್ನು ಮತ್ತೆ ಕಾಲರಿಗೆ ಕೂರಿಸಿದಳು.

"ಸಿಟ್ಟು ಹೋತೇನವಾ?" ಎಂದು ಮಾದೇವಿ ಮೆಲ್ಲಗೆ ಕೇಳಿದಳು.

"ಇಲ್ಲ. ಕಾಲರ್ ನಿಮ್ಮಷ್ಟು ಛಲೋ ಯಾರಿಗೂ ಬರೂದಿಲ್ಲ, ಅದಕ್ಕ ಕುಂದರ್ಸೇನಿ. ನಮ್ಮಪ್ಪ ಅವತ್ತ ಡಬ್ಬಿ ವಾಪಸ್ ಒಯ್ದದ್ದು ನಾ ಸಾಯೂತನಕ ಮರಿಯೂದಿಲ್ಲ."

"ಯಾವತ್ತ? ಯಾವ ಡಬ್ಬಿ?"

ಶೀತಲ ದಂಗಾದಳು. ಆಮೇಲೆ ಮಷಿನ್‌ಗಳನ್ನೆಲ್ಲ ನಿಲ್ಲಿಸಿ, ಅಂಗಿ, ಬಾಗಿಲು, ಆ ಮಾತು, ಅಪ್ಪ, ಒಂದನ್ನೂ ಬಿಡದೆ ಎಲ್ಲರೆದುರು ಹೇಳಿದಳು. ಮಾದೇವಿಯ ತಲೆ ತಗ್ಗಿತು. "ನನಗ ಖರೇನ ನೆನಪಿಲ್ಲವಾ" ಅಂದಳು. ತಪ್ಪಾಯಿತು ಎಂದು ಮಾತ್ರ ಅನ್ನಲಿಲ್ಲ.

ಆ ವರ್ಷದ ಮಾಲು ಒಂದೂ ವಾಪಸ್ ಬರಲಿಲ್ಲ. ಭಾಗವ್ವ ಮತ್ತೆ "ಬೇ" ಅನ್ನಲು ಶುರುಮಾಡಲು ದೀಪಾವಳಿಯವರೆಗೆ ಹಿಡಿಯಿತು. ಉಳಿದವರ ಕೆಲಸವನ್ನು ಒಂದು ಸಲ ನೋಡುವ ಶೀತಲ, ಮಾದೇವಿಯ ಕಾಲರುಗಳನ್ನು ಇಂದಿಗೂ ಎರಡೆರಡು ಸಲ ತಿರುವಿ ನೋಡುತ್ತಾಳೆ. ಇಲ್ಲಿಯವರೆಗೆ ಒಂದರಲ್ಲೂ ತಪ್ಪು ಸಿಕ್ಕಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬರುತ್ತದೆ.