ಹೊಗೆ ಕುಡಿದ ಟವೆಲ್ಲು

ವಿನೋಬನಗರದಲ್ಲಿ ಗಾಡಿಗಳ ಹೊಗೆ ಪರೀಕ್ಷೆ ಮಾಡುತ್ತಿದ್ದವರೊಬ್ಬರು ಸರ್ಟಿಫಿಕೇಟ್ ಕೊಡುವ ಮೊದಲು ಸೈಲೆನ್ಸರ್ ಹಿಂದೆ ಕೂತು ತಾವೇ ಮೂಸುತ್ತಿದ್ದರು. "ಮೆಷಿನ್‌ಗೆ ಕೆಮ್ಮು ಬರಲ್ಲ, ನಂಗೆ ಬರುತ್ತೆ" ಎನ್ನುವುದು ಅವರ ಮಾತು.

ಒಮ್ಮೆ ಶಾಲಾ ವ್ಯಾನಿನವನು, "ಫೋಟೊ ನನ್ನ ನಂಬರ್ ಪ್ಲೇಟಿಂದೇ ತೆಗೀರಿ ಸಾರ್, ಮೆಷಿನ್ ಪೈಪ್ ಮಾತ್ರ ಪಕ್ಕದಲ್ಲಿ ನಿಂತಿರೋ ಆ ಹೊಸ ಗಾಡಿಗೆ ಇಡಿ. ಎಲ್ರೂ ಹಂಗೇ ಮಾಡ್ತಾರೆ" ಎಂದ.

ಇವರು ಹೆಗಲ ಮೇಲಿನ ಬಿಳಿ ಟವೆಲ್ಲನ್ನು ಅವನ ಸೈಲೆನ್ಸರಿಗೆ ಹಿಡಿದು, "ಆಕ್ಸಿಲರೇಟರ್ ಒತ್ತು" ಎಂದರು. ಟವೆಲ್ಲು ಕರ್ರಗಾಯಿತು.

"ತಗೋ, ಮುಖ ಒರೆಸ್ಕೊ! ಮಕ್ಕಳು ದಿನಾ ಇದನ್ನೇ ಕುಡೀತಾರಲ್ಲೋ ಮಾರಾಯ!"

ಆ ಟವೆಲ್ಲನ್ನು ಅವರು ಒಗೆಯಲೇ ಇಲ್ಲ. ಸುಳ್ಳು ಸರ್ಟಿಫಿಕೇಟ್ ಕೇಳಿದವರಿಗೆಲ್ಲ ಅದನ್ನೇ ಚಾಚುತ್ತಿದ್ದರು.

ಭದ್ರಾವತಿಯ ಕೆಲಸಕ್ಕೆ ಹೊತ್ತಾಯಿತು, ಪರೀಕ್ಷೆ ಮಾಡದೆಯೇ ಸರ್ಟಿಫಿಕೇಟ್ ಕೊಡಿ ಎಂದು ಒಮ್ಮೆ ನಾನೂ ಕೇಳಿದ್ದೆ.