ಹುಲೆಪ್ಪನ ಪೇಟಿ, ಮಹಾನಂದಾಳ ರವಿವಾರ

ಸೊನ್ನದಿಂದ ಜೇವರ್ಗಿಯವರೆಗೆ ಯಾವ ಊರಿನಲ್ಲಿ ಭಜನೆ ಇದ್ದರೂ ಪೇಟಿ ಬಾರಿಸಲು ಹುಲೆಪ್ಪನೇ ಬೇಕು. ಪೇಟಿ ಅಂದರೆ ಹಾರ್ಮೋನಿಯಂ. ಊರಾಚೆಯ ಕೇರಿಯಲ್ಲಿ ಹುಟ್ಟಿದವನನ್ನು ಗುಡಿಯ ಜಮಖಾನೆಯ ನಟ್ಟನಡುವೆ ಕೂರಿಸಿದ್ದು ಆ ಪೇಟಿಯೇ. ಅದು ತೆರೆದಿರುವಷ್ಟು ಹೊತ್ತು "ಹುಲೆಪ್ಪಣ್ಣಾ, ಚಾ ತಗೋರಿ" ಅನ್ನುವವರು, ಮುಚ್ಚಿದ ಮೇಲೆ "ಲೇ ಹುಲ್ಯಾ" ಅನ್ನುತ್ತಿದ್ದರು. ಹೀಗಿರುವಾಗ ಯಾವ ಮೂರ್ಖ ಪೇಟಿ ಮುಚ್ಚುತ್ತಾನೆ ಹೇಳಿ.

ಇಪ್ಪತ್ತು ವರ್ಷದ ಹಿಂದೆ ಅವನ ಎರಡು ಕೂಸುಗಳು ಒಂದರ ಹಿಂದೊಂದು ತೀರಿಹೋದವು. ಆಗ ಯಾರೋ ಕರೆದರೆಂದು ಗಂಡಹೆಂಡತಿ ಕ್ರೈಸ್ತರ ಒಂದು ಪ್ರಾರ್ಥನೆಗೆ ಹೋಗಿ ಕೂತರು. ಹೆಂಡತಿ ಮಹಾನಂದಾಳ ಎದೆ ಹಗುರಾಯಿತು. ಅವಳದು ಹಗುರಾದದ್ದು ಕಂಡು ಇವನದೂ ಹಗುರಾಯಿತು. ಗುರುತಿನವರು ಸಿಗದಿರಲಿ ಎಂದು ದೂರದ ಆಳಂದ ತಾಲೂಕಿನ ಸರಸಂಬಾಕ್ಕೆ ಹೋಗಿ ಇಬ್ಬರೂ ದೀಕ್ಷಾಸ್ನಾನ ಮಾಡಿಸಿಕೊಂಡರು. ತಲೆ ಒಣಗುವಷ್ಟರಲ್ಲಿ ಹುಲೆಪ್ಪ ಊರಿಗೆ ಬಂದು ಭಜನೆಗೆ ಕೂತಿದ್ದ.

ಭಜನಾ ಮೇಳದ ಹಿರಿಯ ಜಗದೇವ ತನ್ನ ಹಣೆಗೆ ವಿಭೂತಿ ಎಳೆಯುವಾಗಲೆಲ್ಲ ಹುಲೆಪ್ಪ ಮನಸ್ಸಿನಲ್ಲೇ "ಕರ್ತನೇ, ಕ್ಷಮಿಸಪ್ಪಾ" ಎನ್ನುತ್ತಿದ್ದ. ವಾರಕ್ಕೆರಡು ಸಲ ಅದೇ ಮಾತು ಕೇಳಿ ಕೇಳಿ ಆ ಕರ್ತನಿಗೂ ಬೇಸರ ಬಂದಿರಬೇಕು.

"ಪೇಟಿಗೆ ಯಾವ ಧರ್ಮ ಅದ? ಬಾರಿಸಾಂವ ಯಾಕ ಹೇಳ್ಬೇಕು?" ಎಂದು ಹೆಂಡತಿಯ ಎದುರು ವಾದ ಹೂಡುತ್ತಿದ್ದ.

"ಪೇಟಿಗಿಲ್ಲ. ನಿಮಗದ ಅಲ್ಲೇನ್ರಿ? ಯಾರರೆ ಕೇಳಿದ್ರ ಹೇಳ್ತೀರಿ ಇಲ್ಲೊ?"

"ಕೇಳಿದ್ರ ಹೇಳ್ತೇನಿ ಬೇ."

ಯಾರೂ ಕೇಳಲಿಲ್ಲ. ಕೇಳದಂತೆ ಇರುವುದನ್ನು ಅವನು ಪೇಟಿಗಿಂತ ಚೆನ್ನಾಗಿ ಕಲಿತಿದ್ದ. ಮಹಾನಂದಾ ಮಾತ್ರ ರವಿವಾರ ತಂಗಿಯ ಮನೆಯ ನೆಪ ಹೇಳಿ ಬಸ್ಸು ಹತ್ತುತ್ತಿದ್ದಳು. ದಾರಿಯಲ್ಲೇ ಕುಂಕುಮ ಒರೆಸಿಕೊಂಡು ಅಫಜಲಪುರದ ಚರ್ಚಿಗೆ ಹೋಗಿ, ಬರುವಾಗ ಮತ್ತೆ ಹಚ್ಚಿಕೊಂಡು ಇಳಿಯುತ್ತಿದ್ದಳು.

ಮೊನ್ನೆಯ ರವಿವಾರ ನಸುಕಿನಲ್ಲಿ ಎದೆ ಹಿಡಿದಂತಾಗಿದೆ ಎಂದು ಗೋಡೆಗೆ ಒರಗಿದವಳು ಏಳಲಿಲ್ಲ. ಹುಲೆಪ್ಪನಿಗೆ ಅಳು ಬರಲಿಲ್ಲ. ನೀರು ಕಾಯಿಸಿದ. ಆಕಳಿಗೆ ಮೇವು ಹಾಕಿದ. ಚರ್ಚಿಗೆ ಯಾಕೆ ಬಂದಿಲ್ಲವೆಂದು ಅವಳ ಫೋನಿಗೆ ಯಾರೋ ಹೆಣ್ಣುಮಗಳು ಕರೆ ಮಾಡಿದಾಗ "ಹೋದಳ್ರಿ" ಎಂದಷ್ಟೇ ಹೇಳಿ ಇಟ್ಟ. ಮೈಯೊಳಗೆ ಏನೂ ಆಗುತ್ತಿರಲಿಲ್ಲ. ಏನಾದರೂ ಆಗಬೇಕಲ್ಲ ಎಂಬ ಗಾಬರಿಯೂ ಇರಲಿಲ್ಲ.

ಸತ್ತವರ ಮನೆಯಲ್ಲಿ ಮಣ್ಣಿಗೆ ಒಯ್ಯುವ ತನಕ ಭಜನೆ ನಿಲ್ಲಬಾರದು, ಅದು ಊರಿನ ರೂಢಿ. ಯಾರೂ ಹೇಳಿಕಳಿಸದೆಯೇ ಮೇಳ ಬಂತು. ಜಗದೇವ ಮಹಾನಂದಾಳ ಹಣೆಗೂ ಹುಲೆಪ್ಪನ ಹಣೆಗೂ ವಿಭೂತಿ ಹಚ್ಚಿ, "ಇವತ್ತ ನೀ ಬಾರಸ್ಬ್ಯಾಡೋ" ಎಂದ. ಹುಲೆಪ್ಪ ಕೇಳದೆ ಪೇಟಿ ಎಳೆದುಕೊಂಡ. ಬೆರಳುಗಳು ತಮ್ಮ ಪಾಡಿಗೆ ತಾವು ಓಡಾಡಿದವು.

ಮಧ್ಯಾಹ್ನ ಊರು ಕೇಳಿಕೊಂಡು ಟಂಟಂ ಆಟೋ ಒಂದು ಬಂದು ಅಂಗಳದಲ್ಲಿ ನಿಂತಿತು. ಬೈಬಲ್ ಹಿಡಿದ ಪಾಸ್ಟರ್, ಅವರ ಹಿಂದೆ ನಾಲ್ಕು ಮಂದಿ ಹೆಂಗಸರು ಇಳಿದರು. ಭಜನೆ ತಾನಾಗಿ ನಿಂತಿತು. ಹೆಂಗಸರಲ್ಲಿ ಸೀಮಾ ಎಂಬವಳು, ಫೋನು ಮಾಡಿದ್ದವಳು, ಹೆಣದ ಹತ್ತಿರ ಕೂತವನನ್ನು ನೋಡಿ ಕೇಳಿದಳು:

"ನೀವು ಅಕ್ಕಾಗ ಅಣ್ಣ ಆಗಬೇಕೇನ್ರಿ?"

"ಗಂಡ ಇದ್ದೇನ್ರಿ."

ಸೀಮಾ ಪಾಸ್ಟರರ ಮುಖ ನೋಡಿದಳು. "ಗಂಡ? ಅಕ್ಕ ವಿಧವಾ ಅಲ್ಲೇನ್ರಿ? ಇಷ್ಟ ವರ್ಷ ನಮ್ಮ ವಿಧವಾ ಹೆಣ್ಮಕ್ಕಳ ಸಾಲಿನ್ಯಾಗೇ ಕೂಡ್ತಿದ್ದಳ್ರಿ. ಗಂಡನ ಹೆಸರೇನಂತ ಕೇಳಿದ್ರ ತಲಿ ತಗ್ಗಿಸ್ತಿದ್ದಳು. ಪಾಪ, ತೀರಿಕೊಂಡಾರಂತ ನಾವೇ ತಿಳಕೊಂಡ್ವಿ. ಕ್ರಿಸ್‌ಮಸ್ಸಿಗೆ ವಿಧವಾರಿಗೆ ಕೊಡೂ ಸೀರಿನೂ ತಗೊಂಡಾಳ್ರಿ."

ಈ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಅದೇನು ಹೊಸದಲ್ಲ. ಆದರೆ "ಇದ್ದಾನೆ" ಎನ್ನಲು ಹೆಸರು ಬೇಕಾಗಿರಲಿಲ್ಲ. ಇದ್ದಾನೆ ಎಂದಿದ್ದರೆ ಅವನನ್ನೂ ಚರ್ಚಿಗೆ ಕರೆಯಲು ಪಾಸ್ಟರ್ ಒಂದು ದಿನ ಮನೆ ಹುಡುಕಿಕೊಂಡು ಬರುತ್ತಿದ್ದರು, ಗುಟ್ಟು ಒಡೆಯುತ್ತಿತ್ತು, ಪೇಟಿ ಹೋಗುತ್ತಿತ್ತು. ಇವನ ಪೇಟಿ ಉಳಿಯಲಿ ಎಂದು ಆ ಹೆಂಗಸು ಬದುಕಿದ್ದ ಗಂಡನನ್ನು ಇಪ್ಪತ್ತು ವರ್ಷ ಸಾಯಿಸಿಕೊಂಡು ಕೂತಿದ್ದಳು. ಹುಲೆಪ್ಪನಿಗೆ ಇದೆಲ್ಲ ಅರ್ಥವಾಯಿತು. ಆದರೂ ಎದೆ ಕದಲಲಿಲ್ಲ.

ಜಗದೇವ ತಾಳ ಕೆಳಗಿಟ್ಟ. "ಈಕಿ ಚರ್ಚಿಗೆ ಹೋಗ್ತಿದ್ದಳೇನೋ? ಮತ್ತ ನೀ?"

ಕೊನೆಗೂ ಒಬ್ಬ ಕೇಳಿದ್ದ. ಈಗಲೂ ಬೇಕಾದರೆ "ನನಗೇನ್ ಗೊತ್ತಿಲ್ಲಣ್ಣಾ" ಅನ್ನಬಹುದಿತ್ತು. ಸತ್ತವಳು ಎದ್ದು ಬಂದು ಸಾಕ್ಷಿ ಹೇಳುತ್ತಿರಲಿಲ್ಲ.

"ನಾನೂ ಕಿರಿಸ್ತಾನನೇ ಜಗದೇವಣ್ಣಾ," ಎಂದ ಹುಲೆಪ್ಪ. "ಇಬ್ಬರೂ ಕೂಡೇ ಆಗಿದ್ವಿ."

ಯಾರೂ ಬೈಯಲಿಲ್ಲ. ಜಗದೇವ ಬಗ್ಗಿ ಪೇಟಿಯ ಕೊಂಡಿ ಹಾಕಿ, ಎತ್ತಿ ಬಗಲಿಗೆ ಇಟ್ಟುಕೊಂಡ. ಅವನ ಕಣ್ಣಲ್ಲಿ ನೀರಿತ್ತು.

"ಪೇಟಿ ಗುಡೀದೋ ಹುಲ್ಯಾ. ನಾ ಏನ್ ಮಾಡ್ಲಿ?"

"ಒಯ್ಯಿರಿ," ಎಂದ ಹುಲೆಪ್ಪ.

ಮೇಳದವರು ಅಂಗಳ ದಾಟಿ ಬೇವಿನ ನೆರಳಿಗೆ ಹೋಗಿ ನಿಂತರು. ಮನೆಗೆ ಹೋಗಲಿಲ್ಲ, ಹತ್ತಿರವೂ ಬರಲಿಲ್ಲ. ಪಾಸ್ಟರ್ ಪ್ರಾರ್ಥನೆ ಮಾಡಿದರು. ಹೆಂಗಸರು ಮಹಾನಂದಾಳಿಗೆ ಇಷ್ಟವಾದ ಹಾಡು ಎತ್ತಿಕೊಂಡರು. ಸೀಮಾ ತಿರುಗಿ, "ನೀವೂ ಹಾಡ್ರಿ ಅಣ್ಣಾ" ಎಂದಳು.

ಹುಲೆಪ್ಪನಿಗೆ ಆ ಹಾಡು ಗೊತ್ತಿತ್ತು. ಅವಳು ದಿನಾ ರೊಟ್ಟಿ ಬಡಿಯುತ್ತ ಅದನ್ನೇ ಗುನುಗುತ್ತಿದ್ದಳು. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು, ಎಲ್ಲ ಬಾಯಿಪಾಠ. ಪದ ಮಾತ್ರ ಒಂದೂ ಗೊತ್ತಿರಲಿಲ್ಲ. ಹೊಸದರಲ್ಲಿ ಒಮ್ಮೆ ಅವಳು ಬಾಯ್ತೆರೆದು ಹಾಡಿದಾಗ, "ಮಂದಿಗಿ ಕೇಳ್ತದ, ಬಾಯಿ ಮುಚ್ಚಿ ಹಾಡು" ಎಂದು ಇವನೇ ಗದರಿದ್ದ. ಅವತ್ತಿನಿಂದ ಅವಳು ಹಾಗೆಯೇ ಹಾಡಿದ್ದಳು.

ಹೆಂಗಸರ ದನಿ ಏರಿತು. ಹುಲೆಪ್ಪ ಬಾಯಿ ಮುಚ್ಚಿಕೊಂಡೇ ಹಾಡಿದ.