ಎರಡನೆಯ ಪೀಪಾಯಿ

ದೇವರ ಗುಂಡಿಯ ಮೀನುಗಳನ್ನು ಕೊಂದವನು ನಾನು. ಪರಮೇಶ್ವರಿ ಅತ್ತೆಯ ಸೂತಕದಿಂದ ಅವು ಸತ್ತವೆಂದು ಊರು ನಂಬಿದೆ. ಅತ್ತೆಯೂ ನಂಬಿದ್ದರು, ನಂಬಿಕೊಂಡೇ ಹೋದರು. ಅವರು ತೀರಿಕೊಂಡು ಎರಡು ಮಳೆಗಾಲ ಕಳೆದಿದೆ. ಈಗ ಹೇಳಿ ಅವರಿಗೇನು ಬಂತು ಎಂದು ನೀವು ಕೇಳಬಹುದು — ಏನೂ ಇಲ್ಲ. ಅದು ನನಗೂ ಗೊತ್ತು.

ಇದನ್ನು ಬರೆಯುವಾಗ ಅಳು ಬರಬೇಕಿತ್ತು. ಬರುವುದಿಲ್ಲ. ಇಷ್ಟು ವರ್ಷ ಮುಚ್ಚಿಟ್ಟದ್ದರಿಂದಲೋ ಏನೋ, ಒಳಗೆ ಆ ಜಾಗ ಮರಗಟ್ಟಿದೆ. ಒತ್ತಿ ನೋಡಿದರೆ ನೋವು ಇಲ್ಲ, ಒತ್ತಿದ್ದು ಮಾತ್ರ ಗೊತ್ತಾಗುತ್ತದೆ.

ನಮ್ಮ ಊರು ಕಡಬದಿಂದ ಒಳಗೆ, ಕುಮಾರಧಾರೆಗೆ ಸೇರುವ ಒಂದು ಸಣ್ಣ ಹೊಳೆಯ ಬದಿಯಲ್ಲಿದೆ. ನಮ್ಮ ಜಾಗದ ಕೆಳಗೆ ಹೊಳೆ ತಿರುಗುವಲ್ಲಿ, ಬಂಡೆಯ ಬುಡದಲ್ಲಿ ಒಂದು ಆಳವಾದ ಗುಂಡಿ ಇತ್ತು. ಅದರಲ್ಲಿ ಪೆರುವೊಳು ಮೀನುಗಳು, ತೊಡೆಯಷ್ಟು ದಪ್ಪದವು ಕೂಡ. ಅವು ದೇವರ ಮೀನು. ಮೈಮೇಲೆ ಕಜ್ಜಿ, ಸಿಬ್ಬ ಎದ್ದವರು ಮೀನಿಗೆ ಅಕ್ಕಿ ಹಾಕುವ ಹರಕೆ ಹೊತ್ತು ಅರಂತೋಡಿನಷ್ಟು ದೂರದಿಂದಲೂ ಬರುತ್ತಿದ್ದರು. ಅಲ್ಲಿ ಗಾಳ ಹಾಕಿದವರಿಲ್ಲ, ಬಲೆ ಬೀಸಿದವರಿಲ್ಲ. ಎರಡೂ ದಂಡೆಯಲ್ಲಿ ಕಾಡು — ನೇರಳೆ, ಅತ್ತಿ, ಹೊಳೆಗೆ ಬಾಗಿದ ಹೊನ್ನೆ. ಹಣ್ಣು ನೀರಿಗೆ ಬಿದ್ದರೆ ಮೀನಿಗೆ, ಬೀಳುವ ಮೊದಲು ಮಂಗಟ್ಟೆ ಹಕ್ಕಿಗೆ. ಬಂಡೆಯ ಸಂದಿನಲ್ಲಿ ನೀರುನಾಯಿಗಳ ಸಂಸಾರ ಇತ್ತು. ಅವು ದೇವರ ಮೀನನ್ನೂ ತಿನ್ನುತ್ತಿದ್ದವು, ಅವಕ್ಕೆ ಯಾರೂ ದೋಷ ಹೇಳುತ್ತಿರಲಿಲ್ಲ. ಆ ಕಾಡನ್ನು ಕಾಯುತ್ತಿದ್ದೇವೆ ಎಂಬ ಮಾತೂ ನಮ್ಮಲ್ಲಿ ಇರಲಿಲ್ಲ. ಮುಟ್ಟುತ್ತಿರಲಿಲ್ಲ, ಅಷ್ಟೆ.

ಮುಟ್ಟದ ಹಾಗೆ ನೋಡಿಕೊಂಡವರು ಅತ್ತೆ. ತಂದೆಯ ಅಕ್ಕ. ಚಿಕ್ಕ ಪ್ರಾಯದಲ್ಲೇ ಗಂಡ ತೀರಿಕೊಂಡು, ಕಾಸರಗೋಡಿನ ಕಡೆಯಿಂದ ತವರಿಗೆ ಬಂದವರು. ತಾಯಿ ಇಲ್ಲದ ನನ್ನನ್ನು ಸಾಕಿದ್ದು ಅವರೇ. ಬೆಳಗ್ಗೆ ಮಿಂದು, ಮೊದಲು ಬೆಂದ ಅನ್ನದಿಂದ ಒಂದು ಹಿಡಿ ತೆಗೆದುಕೊಂಡು ಗುಂಡಿಗೆ ಇಳಿಯುತ್ತಿದ್ದರು. ಅವರ ಕೈ ನೀರಿಗೆ ತಾಗುವ ಮೊದಲೇ ಮೀನುಗಳು ಬಾಯಿ ತೆರೆದು ಮೇಲೆ ಬರುತ್ತಿದ್ದವು. ಬೆರಳನ್ನು ಚೀಪುತ್ತಿದ್ದವು. ಅತ್ತೆ ಅವುಗಳ ಜೊತೆ ಮಾತಾಡುತ್ತಿದ್ದರು, ಬೈಯುತ್ತಿದ್ದರು ಕೂಡ — ಹೊಟ್ಟೆಬಾಕ, ಸಣ್ಣವಕ್ಕೆ ಬಿಡು ಎಂದು.

ಒಮ್ಮೆ ಪುತ್ತೂರಿನಿಂದ ಒಬ್ಬ ಮರದ ವ್ಯಾಪಾರಿ ಬಂದು ದಂಡೆಯ ಮರಗಳನ್ನು ಕೇಳಿದ. ತಂದೆಗೆ ಅರ್ಧ ಮನಸ್ಸಿತ್ತು. ಅತ್ತೆ ಬಾಗಿಲ ಹಿಂದಿನಿಂದ ಈಚೆ ಬಂದರು.

"ಮರ ಕಡಿದರೆ ಗುಂಡಿಗೆ ಬಿಸಿಲು ಬೀಳ್ತದೆ. ಮೀನು ಎಲ್ಲಿಗೆ ಹೋಗುದು?"

"ಮೀನಿಗೆ ಕೊಡೆ ಹಿಡೀಬೇಕಾ ಅಮ್ಮ?" ಎಂದು ಆತ ನಕ್ಕ.

"ಹಿಡಿದು ಉಂಟಲ್ಲ ಈಗ. ನೀವು ಕಿತ್ಕೊಳ್ಳದಿದ್ರೆ ಸಾಕು."

ತಂದೆ ನಕ್ಕುಬಿಟ್ಟರು. ವ್ಯಾಪಾರಿ ಕಾಫಿ ಕುಡಿದು ಹೋದ. ಅತ್ತೆಯ ಮಾತಿಗೆ ಆಗ ಅಂಥ ತೂಕ ಇತ್ತು. ಆ ತೂಕ ಇದ್ದದ್ದು ಮೀನಿನಿಂದ — ಅವರ ಕೈಗೆ ದೇವರ ಮೀನು ಬರುತ್ತದೆ ಎಂಬುದರಿಂದ.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ.

ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದ ಕೊನೆಯ ಬೇಸಿಗೆ. ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡಬೇಕು, ಇಲ್ಲದಿದ್ದರೆ ಕೊಳೆರೋಗ. ಮೈಲುತುತ್ತನ್ನು ಒಂದು ಕಡೆ, ಸುಣ್ಣವನ್ನು ಒಂದು ಕಡೆ ಕರಗಿಸಿ ಕೂಡಿಸುವುದು. ಕೂಡಿದ್ದು ಸರಿಯೋ ಎಂದು ನೋಡಲು ಕತ್ತಿಯ ಅಲಗನ್ನು ಅದ್ದುತ್ತಾರೆ. ಅಲಗು ಹಾಗೆಯೇ ಇದ್ದರೆ ಮದ್ದು ಹದ. ಕೆಂಪಾದರೆ ಸುಣ್ಣ ಸಾಲದು, ಅಂಥದ್ದು ಬಿಟ್ಟರೆ ಎಳೆಯ ಕಾಯಿಯೆಲ್ಲ ಸುಟ್ಟು ಉದುರುತ್ತದೆ. ಆ ವರ್ಷ ತಂದೆ ಮೊದಲ ಬಾರಿಗೆ ಕೆಲಸ ನನಗೆ ಒಪ್ಪಿಸಿ ಪುತ್ತೂರಿಗೆ ಹೋಗಿದ್ದರು. ಬಾವಿ ಬತ್ತಿದ್ದರಿಂದ ಪೀಪಾಯಿಗಳನ್ನು ಹೊಳೆಯ ಬದಿಗೆ ಸಾಗಿಸಿದ್ದೆವು, ಗುಂಡಿಯಿಂದ ಸ್ವಲ್ಪ ಮೇಲೆ.

ಅಲಗು ಕೆಂಪಾಯಿತು. ಮತ್ತೆ ಸುಣ್ಣ ಹಾಕಿದೆ, ಮತ್ತೆ ಕೆಂಪು. ಸುಣ್ಣ ಕೆಟ್ಟಿತ್ತು — ಕಬಕದಿಂದ ತಂದ ಚೀಲವನ್ನು ಮುಚ್ಚಿಡು ಎಂದು ತಂದೆ ಹೇಳಿದ್ದರು, ನಾನು ಜಗಲಿಯಲ್ಲೇ ಬಿಟ್ಟಿದ್ದೆ, ಸಂಜೆಯ ಗುಡುಗು ಮಳೆಯ ಎರಚಲಿಗೆ ಅದು ನೆನೆದಿತ್ತು. ಎರಡು ಪೀಪಾಯಿ ನೀಲಿ ನೀರು ಯಾತಕ್ಕೂ ಬಾರದ್ದಾಗಿ ನಿಂತಿತ್ತು. ತಂದೆ ಹೊಡೆಯುವವರಲ್ಲ. "ನಿನ್ನ ಕೈಲಿ ಎಂತ ಆಗ್ತದೆ ಮಾರಾಯ" ಎನ್ನುತ್ತಾರೆ, ಅದೂ ಆಳುಗಳ ಎದುರು. ಆ ಒಂದು ಮಾತಿಗೆ ಹೆದರಿದೆ. ಮೋಡ ಕವಿದಿದೆ, ಇವತ್ತು ಬೇಡ ಎಂದು ಆಳುಗಳನ್ನು ಕಳಿಸಿದೆ.

ಮೊದಲನೆಯ ಪೀಪಾಯಿಯನ್ನು ಹೊಳೆಗೆ ಮಗುಚಿದೆ. ಹೊಳೆಗೆ ಬಿದ್ದದ್ದು ಕಡಲಿಗೆ — ನಾವು ಎಲ್ಲದಕ್ಕೂ ಹೇಳುವ ಮಾತು. ಆದರೆ ಕಟ್ಟ ಇನ್ನೂ ಇತ್ತು. ಪ್ರತಿವರ್ಷ ಮಳೆ ಮುಗಿದ ಮೇಲೆ ಊರವರೆಲ್ಲ ಸೇರಿ ಕಲ್ಲು, ಮಣ್ಣು, ಸೊಪ್ಪು ಒಟ್ಟಿ ಹೊಳೆಗೆ ಅಡ್ಡ ಕಟ್ಟ ಹಾಕುತ್ತೇವೆ, ಮುಂದಿನ ಮಳೆಯ ನೆರೆ ಬಂದು ಕೊಚ್ಚಿಕೊಂಡು ಹೋಗುವ ತನಕ ನೀರು ಅಲ್ಲೇ ನಿಲ್ಲುತ್ತದೆ. ಗುಂಡಿಯ ಕೆಳಗಿನ ಆ ಕಟ್ಟಕ್ಕೆ ನಾನೇ ಮಣ್ಣು ಹೊತ್ತಿದ್ದೆ. ಕೈಯಾರೆ ಕಟ್ಟಿದ್ದನ್ನು ಮರೆತೆ. ಕಡಲಿಗೆ ಹೋಗುವ ದಾರಿಯನ್ನು ನಾವೇ ಮುಚ್ಚಿದ್ದೆವು.

ಇಲ್ಲಿಗೆ ನಿಲ್ಲಿಸಿದರೆ ಇದು ತಿಳಿಯದೆ ಮಾಡಿದ ತಪ್ಪು. ಇಲ್ಲಿಗೆ ನಿಲ್ಲಿಸಬೇಕೆಂದು ನನಗೂ ಆಸೆ ಇದೆ.

ನೀಲಿ ನೀರು ಹರಡುತ್ತಿದ್ದಂತೆ ದಂಡೆಯ ಬಳಿಯ ಕಿರುಮೀನುಗಳು ನೀರಿನಿಂದ ಮೇಲಕ್ಕೆ ನೆಗೆದವು. ಕೆಲವು ಕಲ್ಲಿನ ಮೇಲೆ ಬಿದ್ದು ಬಾಲ ಬಡಿದವು. ನೋಡಿದೆ. ಸ್ಪಷ್ಟವಾಗಿ ನೋಡಿದೆ, ಅರ್ಥವೂ ಆಯಿತು. ಎರಡನೆಯ ಪೀಪಾಯಿ ಪಕ್ಕದಲ್ಲಿತ್ತು. ಅದನ್ನು ಹಾಗೆಯೇ ಬಿಟ್ಟರೆ ತಂದೆ ಸಂಜೆ ಕೇಳುತ್ತಾರೆ — ಇಷ್ಟೇ ಯೋಚನೆ ಬಂದದ್ದು. ಅದನ್ನೂ ಮಗುಚಿದೆ. ಪೀಪಾಯಿ ತೊಳೆದೆ.

ಮರುದಿನ ಬೆಳಗ್ಗೆ ಅತ್ತೆ ಅನ್ನ ಹಿಡಿದುಕೊಂಡು ಇಳಿದವರು ಬಹಳ ಹೊತ್ತು ಮೇಲೆ ಬರಲಿಲ್ಲ. ಹೋಗಿ ನೋಡಿದಾಗ ಗುಂಡಿಯ ತುಂಬ ಬಿಳಿ ಹೊಟ್ಟೆಗಳು. ಅತ್ತೆ ಮೊಣಕಾಲು ನೀರಿನಲ್ಲಿ ನಿಂತು ಒಂದೊಂದನ್ನೇ ತಿರುಗಿಸಿ, ನೀರಿಗೆ ಬಿಟ್ಟು, ಈಜುತ್ತದೋ ಎಂದು ನೋಡುತ್ತಿದ್ದರು. ಅದು ಮತ್ತೆ ಮಗುಚುತ್ತಿತ್ತು. ಇನ್ನೊಂದನ್ನು ಎತ್ತುತ್ತಿದ್ದರು. ನಾನು ಬಂಡೆಯ ಮೇಲೆ ನಿಂತಿದ್ದೆ. ಇಳಿಯಲಿಲ್ಲ.

ಊರು ಸೇರಿತು. ಮೀನು ಹಿಡಿಯಲು ಯಾರಾದರೂ ತೋಟೆ ಸಿಡಿಸಿದರೋ ಎಂದರೆ ಸದ್ದು ಕೇಳಿದವರಿಲ್ಲ. ಮರಕ್ಕೆ ಮದ್ದಾದದ್ದು ಮೀನಿಗೆ ವಿಷವೆಂದು ಆ ದಿನಗಳಲ್ಲಿ ಯಾರಿಗೂ ಹೊಳೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಸರಗೋಡಿನ ಕಡೆಯಿಂದ ಒಬ್ಬರು ಬಂದರು. ಅತ್ತೆಯ ಗಂಡನ ಅಣ್ಣ ತೀರಿಕೊಂಡು ನಾಲ್ಕೈದು ದಿನವಾಯಿತು, ಹೇಳಿ ಕಳಿಸಲು ತಡವಾಯಿತು ಎಂದರು.

ಅತ್ತೆ ಕೂತಲ್ಲಿಂದ ಏಳಲಿಲ್ಲ. "ಹಾಗಾದ್ರೆ ನಾನು ಸೂತಕದ ಕೈಯಲ್ಲಿ ಅನ್ನ ಹಾಕಿದ್ದು" ಎಂದರು.

ಪುರೋಹಿತರಾದ ಭಟ್ಟರು ಸಮಾಧಾನ ಹೇಳಿದರು. "ತಿಳಿಯದೆ ಆದ್ದಕ್ಕೆ ದೋಷ ಇಲ್ಲಮ್ಮ."

"ನನಗೆ ತಿಳೀಲಿಲ್ಲ, ಸರಿ. ಮೀನಿಗೆ ತಿಳೀತಲ್ಲ ಭಟ್ರೇ."

ಊರಿಗೆ ಒಂದು ಕಾರಣ ಬೇಕಿತ್ತು, ಸಿಕ್ಕಿತು. ಯಾರೂ ಅವರನ್ನು ಎದುರಿಗೆ ಬೈಯಲಿಲ್ಲ. ಪಾಪ ಎಂದರು. ಹರಕೆಯವರು ಬರುವುದು ಮಾತ್ರ ನಿಂತಿತು.

ಸೂತಕ ಕಳೆದ ಮೇಲೆ ಒಂದು ದಿನ ಅತ್ತೆ ನನ್ನನ್ನು ಕರೆದರು. ಅವರ ಮುಖದಲ್ಲಿ ಸಂಶಯ ಇರಲಿಲ್ಲ, ಇದ್ದದ್ದು ಆಸೆ. ಬೇರೆ ಏನಾದರೂ ಕಾರಣ ಇರಲಿ ಎಂಬ ಆಸೆ.

"ಮಾಣೀ, ಆ ದಿನ ನೀನು ಹೊಳೆ ಬದಿಯಲ್ಲಿ ಇದ್ದೆಯಲ್ಲ. ಎಂತಾದ್ರೂ ಕಂಡಿದ್ದೀಯಾ?"

"ಇಲ್ಲ ಅತ್ತೆ."

ಇಷ್ಟೇ. ಎರಡು ಶಬ್ದ. ಆ ಮೇಲೆ ಅವರು ಮತ್ತೆ ಯಾವತ್ತೂ ಕೇಳಲಿಲ್ಲ, ಮತ್ತು ನಾನು —

ಅಂದಿನಿಂದ ಅವರು ಯಾವ ಜೀವಕ್ಕೂ ಕೈಯಾರೆ ಅನ್ನ ಹಾಕಲಿಲ್ಲ. ದನಕ್ಕೆ ಮುಸುರೆ ಇಡಬೇಕಾದರೆ ಬಾಲ್ದಿ ತಂದು ನನ್ನ ಕೈಗೆ ಕೊಡುತ್ತಿದ್ದರು. ಶ್ರಾದ್ಧದ ದಿನ ಕಾಗೆಗೆ ಅನ್ನ ಇಡುವಾಗಲೂ ಹಾಗೆಯೇ. ನಾನು ಮದುವೆಯಾದೆ, ಮಗಳು ಹುಟ್ಟಿದಳು. ಅನ್ನಪ್ರಾಶನದಲ್ಲಿ ಮೊದಲ ತುತ್ತು ಅತ್ತೆಯೇ ಕೊಡಲಿ ಎಂದು ಹೆಂಡತಿ ಹಟ ಹಿಡಿದಳು. "ನನ್ನ ಕೈ ಬೇಡ" ಎಂದರು ಅತ್ತೆ. ತುತ್ತನ್ನು ನಾನು ಕೊಟ್ಟೆ. ಆ ಕೈಯಲ್ಲಿ.

ಕೆಲವು ವರ್ಷಗಳ ಮೇಲೆ ಅದೇ ವ್ಯಾಪಾರಿ ಮತ್ತೆ ಬಂದ. ನೆಟ್ಟಣದ ಕಡೆ ರೈಲು ದಾರಿ ಬರುತ್ತದೆ, ಮರಕ್ಕೆ ಒಳ್ಳೆಯ ಕಾಲ ಎಂದ. ತಂದೆಗೆ ವಯಸ್ಸಾಗಿತ್ತು, ನೋಡಿಕೊಳ್ಳುವವನು ನಾನೇ. ಆದರೂ ತಂದೆ ಅಕ್ಕನನ್ನು ಕೇಳಿದರು, "ನೀನು ಎಂತ ಹೇಳ್ತಿ?" ಅತ್ತೆ ಹಿಂದಿನ ಹಾಗೆ ಈಚೆ ಬಂದು ಒಂದು ಮಾತು ಹೇಳಲಿ ಎಂದು ಬೇಡಿಕೊಂಡೆ — ನಾನು ಆಡದ ಮಾತನ್ನು ಅವರಾದರೂ ಆಡಲಿ ಎಂದು.

"ಮೀನು ಇಲ್ಲದ ಗುಂಡಿಗೆ ಕೊಡೆ ಯಾಕೆ," ಎಂದರು. "ನನ್ನದು ಎಂತ ಮಾತು ಉಂಟು ಇನ್ನು. ನೀವು ನೋಡಿಕೊಳ್ಳಿ."

ಆಗಲೂ ಹೇಳಬಹುದಿತ್ತು. ಅತ್ತೆಯ ಹೆಸರು ಉಳಿಯುತ್ತಿತ್ತು, ಕಾಡೂ ಉಳಿಯುತ್ತಿತ್ತು. ನಾನು ವ್ಯಾಪಾರಿಯ ಜೊತೆ ಹೋಗಿ ಯಾವ ಯಾವ ಮರ ಎಂದು ತೋರಿಸಿ ಬಂದೆ.

ಕಡಿದರು. ಕೊಡಲಿಯ ಸದ್ದು ಮನೆಗೆ ಕೇಳುತ್ತಿತ್ತು, ಅತ್ತೆ ಒಳಗೆ ಕೂತು ಬತ್ತಿ ಹೊಸೆಯುತ್ತಿದ್ದರು. ಮುಂದಿನ ನೆರೆಗೆ ಬೇರಿಲ್ಲದ ದಂಡೆ ಕುಸಿಯಿತು. ಮರಳು, ಮಣ್ಣು ತುಂಬಿ ಗುಂಡಿ ಸೊಂಟದ ಆಳಕ್ಕೆ ಬಂತು. ಮಂಗಟ್ಟೆಯ ಕೂಗು ನಿಂತದ್ದು ಯಾವಾಗ ಎಂದು ಯಾರೂ ಗಮನಿಸಲಿಲ್ಲ. ನೀರುನಾಯಿಗಳು ಎತ್ತ ಹೋದವೋ ತಿಳಿಯದು. ಅತ್ತೆ ಸಾಯುವಾಗ ನಾನು ಬಾಯಿಗೆ ನೀರು ಬಿಟ್ಟೆ, ಅವರು ಕುಡಿದರು. ಆಗಲೂ ಹೇಳಲಿಲ್ಲ.

ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ — ಈ ಬೇಸಿಗೆಯಲ್ಲಿ ಗುಂಡಿಯ ಉಳಿದ ನೀರಿನಲ್ಲಿ ನಾಲ್ಕಾರು ಪೆರುವೊಳು ಕಾಣಿಸಿಕೊಂಡಿವೆ. ಸಣ್ಣವು, ಅಂಗೈ ಉದ್ದದವು. ದಂಡೆಯಲ್ಲಿ ತಾನಾಗಿ ಎದ್ದ ಅತ್ತಿಯ ಗಿಡಗಳನ್ನು ನಾನು ಕಡಿಸಿಲ್ಲ, ಅವುಗಳ ನೆರಳು ಈಗಷ್ಟೇ ನೀರಿಗೆ ತಾಗುತ್ತಿದೆ. ಮೊನ್ನೆ ಊರವರು ಮನೆಗೆ ಬಂದರು. ಅತ್ತೆ ಹೋದ ಮೇಲೆ ದೋಷ ಕಳೆಯಿತು, ದೇವರ ಮೀನು ತಿರುಗಿ ಬಂದಿದೆ ಎಂದರು. ನಿಮ್ಮ ಮನೆಯವರೇ ಮತ್ತೆ ಅನ್ನ ಹಾಕಲು ಸುರು ಮಾಡಬೇಕು, ಸೋಮವಾರ ಎಲ್ಲರೂ ಗುಂಡಿಯ ಬಳಿ ಸೇರುವುದು ಎಂದು ನಿಶ್ಚಯ ಮಾಡಿ ಹೋದರು. ನಾನು ಬೇಡ ಎನ್ನಲಿಲ್ಲ.

ಅತ್ತೆ ಹೋದ ಮೇಲೆ ದೋಷ ಕಳೆಯಿತು — ಈ ಮಾತನ್ನು ನನ್ನ ಜಗಲಿಯಲ್ಲಿ ಕೂತು, ನಾನು ಕೊಟ್ಟ ಬೆಲ್ಲ ತಿಂದು, ನೀರು ಕುಡಿದು ಹೇಳಿದರು.

ಸೋಮವಾರ ಹೋಗುತ್ತೇನೆ. ಅನ್ನದ ಪಾತ್ರೆ ಹಿಡಿಯುವುದಿಲ್ಲ. ಗುಂಡಿಯ ಮೇಲೆ, ಆ ದಿನ ಪೀಪಾಯಿ ಇಟ್ಟಿದ್ದ ಜಾಗದಲ್ಲಿ ನಿಂತು ಹೇಳುತ್ತೇನೆ. ಭಟ್ಟರು ಇನ್ನೂ ಇದ್ದಾರೆ, ಅವರೂ ಬರುತ್ತಾರೆ. ಮೊದಲನೆಯ ಪೀಪಾಯಿಯ ವಿಷಯ ಹೇಳುವಷ್ಟರಲ್ಲಿ ಅವರು, ತಿಳಿಯದೆ ಆದ್ದಕ್ಕೆ ದೋಷ ಇಲ್ಲ ಎಂದು ತಡೆಯಬಹುದು. ಒಳ್ಳೆಯವರು. ಅವರು ಮುಗಿಸುವ ತನಕ ಕಾದು, ಆ ಮೇಲೆ ಎರಡನೆಯ ಪೀಪಾಯಿಯ ವಿಷಯ ಹೇಳಬೇಕು.